ಎರೆಮಣ್ಣಿನಿಂದ ಮಂಗಳ ಗ್ರಹದವರೆಗೆ: ನಮ್ಮ ಸೀಮೆಯ ಕಲ್ಲು ಓದಿದವರ ಚರಿತ್ರೆ

ಕಪ್ಪು ಮಣ್ಣು ಹೇಗೆ ಉಂಟಾಯಿತು? ಇದು ಒಂದು ಅಂಕದ ಪ್ರಶ್ನೆ. ಜ್ವಾಲಾಮುಖಿಯಿಂದ ಹರಿದ ಲಾವಾ ಗಟ್ಟಿಯಾಗಿ ಬಸಾಲ್ಟ್ ಶಿಲೆಯಾಯಿತು, ಅದು ಶಿಥಿಲಗೊಂಡು ಕಪ್ಪು ಮಣ್ಣಾಯಿತು ಎಂದು ಬರೆದರೆ ಅಂಕ ಸಿಗುತ್ತದೆ. ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯ ಎಷ್ಟು ಮಕ್ಕಳು ಈ ಉತ್ತರ ಬರೆದು ಪಾಸಾಗಿದ್ದಾರೋ ಲೆಕ್ಕ ಇಟ್ಟವರಿಲ್ಲ. ಮಹಾರಾಷ್ಟ್ರಕ್ಕೆ, ನಮ್ಮಲ್ಲಿ ವಿಜಯಪುರ ಮತ್ತು ಕಲಬುರಗಿಯ ಕಡೆಗೆ ಈ ಉತ್ತರ ಸರಿಯಾದದ್ದೇ. ಆದರೆ ಸಿರುಗುಪ್ಪದ ಎರೆ ಹೊಲದಲ್ಲಿ ನಿಂತು ನೆಲ ಅಗೆಯುತ್ತಾ ಹೋದರೆ ಲಾವಾ ಎಲ್ಲಿಯೂ ಸಿಗುವುದಿಲ್ಲ. ದಖ್ಖನಿನ ಲಾವಾ ಹಾಸು ನಮ್ಮಿಂದ ಉತ್ತರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲೇ ನಿಂತುಹೋಗಿದೆ. ನಮ್ಮ ಕೆಳಗೆ ಇರುವುದು ನೈಸ್, ಗ್ರಾನೈಟ್, ಅವುಗಳನ್ನು ಸೀಳಿಕೊಂಡು ಎದ್ದ ಕರಿಕಲ್ಲಿನ ಗೋಡೆಗಳು, ಪಶ್ಚಿಮಕ್ಕೆ ಸಂಡೂರಿನ ಹಳೆಯ ಅಗ್ನಿಶಿಲೆ ಮತ್ತು ಕಬ್ಬಿಣದ ಕಲ್ಲು.

ಒಮ್ಮೆ ಎಂಟನೇ ತರಗತಿಯಲ್ಲಿ ಇದನ್ನು ಹೇಳಿದಾಗ ಸಿರುಗುಪ್ಪ ಕಡೆಯ ಹುಡುಗನೊಬ್ಬ ಎದ್ದು, “ಹಂಗಾದ್ರೆ ನಮ್ಮ ಎರೆ ಎಲ್ಲಿಂದ ಬಂತು ಸಾರ್?” ಎಂದು ಕೇಳಿದ. ಆ ಪ್ರಶ್ನೆಗೆ ಇನ್ನೂರು ವರ್ಷದ ಚರಿತ್ರೆ ಇದೆ. ಅದನ್ನು ಹಿಡಿದು ಹೊರಟರೆ ಕುಡತಿನಿ, ಕಪ್ಪಗಲ್ಲು, ತೆಕ್ಕಲಕೋಟೆ, ಕುರುಗೋಡು ಎಲ್ಲ ದಾಟಿ ಕೊನೆಗೆ ಮಂಗಳ ಗ್ರಹಕ್ಕೆ ಹೋಗಿ ಮುಟ್ಟುತ್ತೇವೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಶಾಲೆಯ ಚರಿತ್ರೆಯನ್ನು ಬೇರೆಯವರು ಚೆನ್ನಾಗಿ ಬರೆಯುತ್ತಾರೆ. ನಾನು ಶಾಲೆ ನಿಂತಿರುವ ನೆಲದ ಚರಿತ್ರೆಯನ್ನು ಬರೆಯುತ್ತೇನೆ.

ಎರೆಮಣ್ಣಿನ ವಿಚಾರವನ್ನು ಮೊದಲು ಬರೆದಿಟ್ಟವರು ಕಂಪನಿ ಸರ್ಕಾರದ ವೈದ್ಯರು ಮತ್ತು ಸಿಪಾಯಿ ಅಧಿಕಾರಿಗಳು. ಲ್ಯಾಂಬ್ಟನ್ ಸಾಹೇಬರ ಮಹಾ ಸರ್ವೇಕ್ಷಣೆಯಲ್ಲಿ ವೈದ್ಯನೂ ಭೂವಿಜ್ಞಾನಿಯೂ ಆಗಿದ್ದ ಹೆನ್ರಿ ವಾಯ್ಸಿ, ಆಮೇಲೆ ಧಾರವಾಡದ ಕಡೆ ಓಡಾಡಿದ ಅಲೆಕ್ಸಾಂಡರ್ ಟರ್ನ್‌ಬುಲ್ ಕ್ರಿಸ್ಟಿ, ಇವರಿಬ್ಬರೂ ಕಪ್ಪು ಮಣ್ಣು ಎಂದರೆ ಕೊಳೆತ ಲಾವಾಶಿಲೆ ಎಂದು ನಂಬಿದರು. ನಮ್ಮ ಪಠ್ಯಪುಸ್ತಕದ ಉತ್ತರದ ಬೇರು ಅಲ್ಲಿದೆ. ಇದನ್ನು ಒಪ್ಪದವನು ಮದ್ರಾಸ್ ಸೈನ್ಯದ ಥಾಮಸ್ ಜಾನ್ ನ್ಯೂಬೋಲ್ಡ್. ಬಳ್ಳಾರಿ, ಕರ್ನೂಲು ಸೀಮೆಯನ್ನು ಚೆನ್ನಾಗಿ ಸುತ್ತಿದ್ದ ಈತ, ಲಾವಾ ಇಲ್ಲದ ಕಡೆಯೂ ಎರೆ ಇದೆಯಲ್ಲ ಎಂದು ನೋಡಿ, ಇದು ನೀರಿನ ತಳದಲ್ಲಿ ಕೂತ ಮಣ್ಣು ಎಂದು ವಾದಿಸಿದ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿತ್ತು. ಪೂರ್ತಿ ಉತ್ತರ ಯಾರ ಕೈಯಲ್ಲೂ ಇರಲಿಲ್ಲ.

ಈಗ ಮಣ್ಣು ವಿಜ್ಞಾನಿಗಳು ಹೇಳುವುದು ಹೀಗೆ. ಕಲ್ಲು ಯಾವುದು ಎಂಬುದು ಅರ್ಧ ಮಾತು. ಮಳೆ ಎಷ್ಟು, ನೀರು ನಿಲ್ಲುತ್ತದೋ ಹರಿದುಹೋಗುತ್ತದೋ ಎಂಬುದು ಉಳಿದರ್ಧ. ಒಂದೇ ದಖ್ಖನ್ ಬಸಾಲ್ಟ್ ಶಿಲೆ ಮಹಾಬಳೇಶ್ವರದ ಭಾರೀ ಮಳೆಯಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಾಗುತ್ತದೆ. ಅದೇ ಶಿಲೆ ಬಯಲುಸೀಮೆಯ ಕಡಿಮೆ ಮಳೆಯಲ್ಲಿ ಕಪ್ಪು ಎರೆಯಾಗುತ್ತದೆ. ಮಳೆ ಹೆಚ್ಚಿದ್ದರೆ ಕಲ್ಲಿನಲ್ಲಿರುವ ಸುಣ್ಣ, ಸೋಡಿಯಂ, ಮೆಗ್ನೀಸಿಯಂ, ಸಿಲಿಕಾ ಎಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಮಾತ್ರ ಉಳಿಯುತ್ತವೆ. ಮಳೆ ಕಡಿಮೆಯಿದ್ದು ನೀರು ತಗ್ಗಿನಲ್ಲಿ ನಿಂತರೆ ಅವೆಲ್ಲ ಅಲ್ಲೇ ಕೂತು ಸ್ಮೆಕ್ಟೈಟ್ ಎಂಬ ಜೇಡಿಯಾಗುತ್ತವೆ. ನೀರು ಕುಡಿದು ಉಬ್ಬುವುದು, ಒಣಗಿದಾಗ ಬಿರಿಯುವುದು ಈ ಜೇಡಿಯ ಗುಣ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿಗೆ ದನದ ಕಾಲು ಸಿಕ್ಕಿಕೊಳ್ಳುವುದು ಈ ಸ್ಮೆಕ್ಟೈಟ್ ಮಾಡುವ ಕೆಲಸ. ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ಇಲ್ಲಿಯ ನೈಸ್, ಸಂಡೂರಿನ ಕಡೆಯ ಶಿಸ್ಟ್, ಕರಿಕಲ್ಲಿನ ಗೋಡೆಗಳು ನಿಧಾನಕ್ಕೆ ಪುಡಿಯಾಗಿ, ತಗ್ಗಿನಲ್ಲಿ, ಹಗರಿ ಮತ್ತು ತುಂಗಭದ್ರೆಯ ಬಯಲಿನಲ್ಲಿ ಕೂತು ಎರೆಯಾದವು. ಏರಿನಲ್ಲಿ ನೀರು ಇಳಿದುಹೋದ ಕಡೆ ಅದೇ ಕಲ್ಲು ಕೆಂಪು ಮಸಾರಿಯಾಯಿತು. ಕುರುಗೋಡಿನ ಗುಡ್ಡದ ಬುಡದಿಂದ ಕೆಳಗಿನ ಹೊಲದವರೆಗೆ ನಡೆದರೆ ಮಸಾರಿ ಹೋಗಿ ಎರೆ ಬರುವುದು ಕಾಲಿಗೇ ಗೊತ್ತಾಗುತ್ತದೆ. ನಮ್ಮ ರೈತರು ಇದನ್ನು ಯಾವ ಪುಸ್ತಕ ಓದದೆಯೂ ಬಲ್ಲರು.

ಇನ್ನು ಜ್ವಾಲಾಮುಖಿಯ ವಿಚಾರ. ನಮ್ಮ ಜಿಲ್ಲೆಯಲ್ಲಿ ಜ್ವಾಲಾಮುಖಿಯದ್ದೆಂದೇ ಕಾಣುವ ಒಂದು ವಸ್ತುವಿದೆ, ಆದರೆ ಅದು ಜ್ವಾಲಾಮುಖಿಯದ್ದಲ್ಲ. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಹತ್ತಿರ ಇರುವ ಬೂದಿಗುಡ್ಡ. ಅಲ್ಲಿ ಸಿಗುವ ತುಂಡುಗಳು ತೂತುತೂತಾಗಿ, ಗಾಜಿನಂತೆ ಕರಗಿ ಗಟ್ಟಿಯಾಗಿ, ಥೇಟು ಜ್ವಾಲಾಮುಖಿಯ ಕಿಟ್ಟದಂತೆ ಇರುತ್ತವೆ. ನ್ಯೂಬೋಲ್ಡ್ 1836ರಲ್ಲೇ ಇದರ ಬಗ್ಗೆ ಬರೆದ. 1843ರಲ್ಲಿ ಇಂಥ ದಿಬ್ಬಗಳ ಬಗ್ಗೆಯೇ ಒಂದು ಲೇಖನ ಪ್ರಕಟಿಸಿದ. ಜ್ವಾಲಾಮುಖಿಯೇ, ಸುಣ್ಣದ ಗೂಡೇ, ಕಬ್ಬಿಣದ ಕುಲುಮೆಯೇ ಎಂದು ಊಹೆಗಳು ಬೆಳೆದವು. ಊರವರ ಪ್ರಕಾರ ಅವು ರಾಕ್ಷಸರನ್ನು ಸುಟ್ಟ ಜಾಗ. ಹಂಪಿಯ ಹತ್ತಿರ ನಿಂಬಾಪುರದ ಬೂದಿದಿಬ್ಬವನ್ನು ಇಂದಿಗೂ ವಾಲಿಯ ಚಿತೆ ಎನ್ನುತ್ತಾರೆ. ಮುಂದೆ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿ ಸುಟ್ಟ ಬೂದಿ ಎಂದು ಹೇಳಿದಾಗ ಎಲ್ಲರೂ ಒಪ್ಪಲಿಲ್ಲ. ರಾಯಚೂರು ಜಿಲ್ಲೆಯಾಚೆಯ ಉಟ್ನೂರಿನಲ್ಲಿ ಎಫ್.ಆರ್. ಆಲ್ಚಿನ್ 1957ರಲ್ಲಿ ಅಗೆದು ದನದ ದೊಡ್ಡಿಯ ಕುರುಹು, ಗೊರಸಿನ ಗುರುತು ಕಂಡರು. ಫ್ರೆಡರಿಕ್ ಝಾಯ್ನರ್ 1960ರಲ್ಲಿ ಬೂದಿಯನ್ನೇ ಪರೀಕ್ಷಿಸಿ ಸಗಣಿಯದ್ದೇ ಎಂದು ಖಚಿತಪಡಿಸಿದರು. ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ. ಸಗಣಿಯ ರಾಶಿ ದಿನಗಟ್ಟಲೆ ಉರಿದಾಗ ಆ ಸಿಲಿಕಾ ಕ್ಷಾರದೊಂದಿಗೆ ಸೇರಿ ಕರಗಿ ಗಾಜಾಗುತ್ತದೆ. ನಾಲ್ಕೈದು ಸಾವಿರ ವರ್ಷದ ಹಿಂದಿನ ದನಗಾಹಿಗಳು ಹಚ್ಚಿದ ಬೆಂಕಿ ಅದು. ಈಗ ಅದೇ ಕುಡತಿನಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಬೇರೆ. ಬೂದಿಗೂ ಆ ಊರಿಗೂ ಏನೋ ಋಣಾನುಬಂಧವಿರಬೇಕು!

ಈ ಕಥೆಯನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಕಲ್ಲು ನೋಡಲು ಜ್ವಾಲಾಮುಖಿಯದ್ದರಂತಿದೆ ಎಂದ ಮಾತ್ರಕ್ಕೆ ಅದು ಹಾಗೆಯೇ ಹುಟ್ಟಿದ್ದೆಂದು ಹೇಳಲಾಗದು. ಕೈಯಲ್ಲಿ ಹಿಡಿದು ಒಡೆದು ನೋಡಬಹುದಾದ ಕುಡತಿನಿಯ ಬೂದಿಯ ಹುಟ್ಟನ್ನು ಇತ್ಯರ್ಥ ಮಾಡಲು ಸುಮಾರು ನೂರ ಇಪ್ಪತ್ತು ವರ್ಷ ಹಿಡಿಯಿತು. ಕೋಟಿಗಟ್ಟಲೆ ಕಿಲೋಮೀಟರ್ ಆಚೆಯ ಗ್ರಹದ ಕಲ್ಲನ್ನು ಚಿತ್ರದಲ್ಲಿ ನೋಡಿ ಹೇಳುವವರ ಪಾಡು ಏನಿರಬೇಕು!

ಫೂಟ್ ಬಗ್ಗೆ ಸ್ವಲ್ಪ ಹೇಳಬೇಕು. 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಹುಟ್ಟಿದ ಈತ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಕಂಡುಹಿಡಿದು ಭಾರತದ ಪ್ರಾಗಿತಿಹಾಸಕ್ಕೆ ನಾಂದಿ ಹಾಡಿದ. ನಮ್ಮ ಕಡೆಯ ಹಳೆಯ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರು ಕೊಟ್ಟವನೂ ಇವನೇ. 1880ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯನ್ನು ಸುತ್ತಿ, 1895ರಲ್ಲಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಇಡೀ ಒಂದು ಸಂಪುಟ ಬರೆದ. ಅದರಲ್ಲಿ ಗುಡ್ಡ, ಹಳ್ಳ, ಕಲ್ಲುಗೋಡೆ ಎಲ್ಲದರ ಲೆಕ್ಕ ಇದೆ. ಒಂದೇ ಪ್ರವಾಸದಲ್ಲಿ ಕಲ್ಲಿನ ಹುಟ್ಟನ್ನೂ, ಆ ಕಲ್ಲನ್ನು ಬಳಸಿದ ಮನುಷ್ಯನನ್ನೂ ನೋಡಿದ ಇಂಥವರು ಕಡಿಮೆ. ಈಗ ಆ ಎರಡು ವಿದ್ಯೆಗಳು ಬೇರೆ ಬೇರೆ ಇಲಾಖೆಗಳಲ್ಲಿ ಕೂತು ಪರಸ್ಪರ ಮಾತಾಡುವುದೇ ಅಪರೂಪ.

ಫೂಟ್ ಕಣ್ಣಿಗೆ ಬಿದ್ದ ಜಾಗಗಳಲ್ಲಿ ಬಹಳ ದೊಡ್ಡದು ಬಳ್ಳಾರಿಯಿಂದ ಕೆಲವೇ ಕಿಲೋಮೀಟರ್ ದೂರದ ಸಂಗನಕಲ್ಲು ಮತ್ತು ಕಪ್ಪಗಲ್ಲು. ಇಂಗ್ಲಿಷರ ಬಾಯಲ್ಲಿ ಅದು ‘ಕುಪ್ಗಲ್’ ಆಯಿತು. ಕಪ್ಪಗಲ್ಲು ಎಂದರೆ ನನ್ನ ಕಿವಿಗೆ ಕಪ್ಪು ಕಲ್ಲು ಎಂದೇ ಕೇಳಿಸುತ್ತದೆ. ಹೆಸರಿನ ಮೂಲ ಏನೇ ಇರಲಿ, ಊರಿನ ಗುಡ್ಡಕ್ಕೆ ಆ ಮಾತು ಒಪ್ಪುತ್ತದೆ. ಬೂದುಬಣ್ಣದ ಗ್ರಾನೈಟ್ ಗುಂಡುಗಳ ನಡುವೆ ಬೆನ್ನುಮೂಳೆಯಂತೆ ಕರಿಕಲ್ಲಿನ ಒಂದು ಗೋಡೆ ಹಾದುಹೋಗಿದೆ. ಇದನ್ನು ಡೋಲರೈಟ್ ಡೈಕ್ ಎನ್ನುತ್ತಾರೆ. ಗ್ರಾನೈಟ್ ಗಟ್ಟಿಯಾದ ಎಷ್ಟೋ ಕಾಲದ ಮೇಲೆ ಅದು ಬಿರುಕು ಬಿಟ್ಟಾಗ ಕೆಳಗಿನಿಂದ ನುಗ್ಗಿದ ಶಿಲಾರಸ ಬಿರುಕಿನಲ್ಲೇ ಆರಿ ಕಲ್ಲಾದದ್ದು. ಮೇಲಕ್ಕೆ ಬಂದು ಹರಿದಿದ್ದರೆ ಅದೇ ರಸ ಬಸಾಲ್ಟ್ ಆಗುತ್ತಿತ್ತು. ರಾಸಾಯನಿಕವಾಗಿ ಎರಡೂ ಒಂದೇ ತಾಯಿಯ ಮಕ್ಕಳು. ಧಾರವಾಡ ಶಿಲಾವಲಯದ ಇಂಥ ಡೈಕುಗಳಲ್ಲಿ ಹೆಚ್ಚಿನವಕ್ಕೆ ಸುಮಾರು 190ರಿಂದ 240 ಕೋಟಿ ವರ್ಷ ವಯಸ್ಸು.

ನವಶಿಲಾಯುಗದ ಜನಕ್ಕೆ ಈ ವಯಸ್ಸಿನ ಲೆಕ್ಕ ಬೇಕಿರಲಿಲ್ಲ. ಕಲ್ಲು ಗಟ್ಟಿ, ಕಣ ಸಣ್ಣ, ಹೊಡೆದರೆ ಚಕ್ಕೆ ಹದವಾಗಿ ಏಳುತ್ತದೆ ಎಂಬುದು ಗೊತ್ತಿತ್ತು. ಸುಮಾರು ಮೂರೂವರೆ ಸಾವಿರ ವರ್ಷದ ಹಿಂದೆ ಹಿರೇಗುಡ್ಡದ ಮೇಲೆ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. ಚಕ್ಕೆ ಎಬ್ಬಿಸಿ ಆಕಾರ ಕೊಡುವುದು, ಕುಟ್ಟಿ ನಯ ಮಾಡುವುದು, ಗ್ರಾನೈಟ್ ಬಂಡೆಯ ಮೇಲೆ ಉಜ್ಜಿ ಅಲಗು ತೆಗೆಯುವುದು, ಹೀಗೆ ಕೆಲಸ ಸಾಗಿತ್ತು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ಗುಳಿಗಳು ಈಗಲೂ ಕಾಣುತ್ತವೆ. ಅದೇ ಜನರ ಬಳಗದವರು ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯ ಗುಡ್ಡಗಳ ಮೇಲೆಯೂ ಮನೆ ಕಟ್ಟಿದ್ದರು. ಅಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ 1963–64ರಲ್ಲಿ ಉತ್ಖನನ ನಡೆಸಿದರು.

ಆದರೆ ನನ್ನ ವಿಷಯಕ್ಕೆ ಕೊಡಲಿಗಿಂತ ಮುಖ್ಯವಾದದ್ದು ಕಲ್ಲಿನ ಚರ್ಮ. ಕರಿಕಲ್ಲನ್ನು ಒಡೆದರೆ ಒಳಗೆ ನೀಲಿಗಪ್ಪು ಬಣ್ಣದ ಹೊಸ ಮುಖ ಕಾಣುತ್ತದೆ. ವರ್ಷಗಟ್ಟಲೆ ಗಾಳಿ, ಮಳೆ, ಬಿಸಿಲಿಗೆ ಬಿದ್ದರೆ ಅದರೊಳಗಿನ ಕಬ್ಬಿಣ ತುಕ್ಕು ಹಿಡಿದು, ಖನಿಜಗಳು ಜೇಡಿಯಾಗುತ್ತಾ, ಹೊರಗೆ ಕಂದು ಸಿಪ್ಪೆಯೊಂದು ಬೆಳೆಯುತ್ತದೆ. ಈ ಸಿಪ್ಪೆಯನ್ನೇ ಗಡಿಯಾರದಂತೆ ಬಳಸಿದವರಿದ್ದಾರೆ. ಬೆಂಡಪೂಡಿ ಸುಬ್ಬರಾವ್ ಅವರು 1940ರ ದಶಕದಲ್ಲಿ ಸಂಗನಕಲ್ಲಿನ ಸಣ್ಣರಾಚಮ್ಮ ಗುಡ್ಡದಲ್ಲಿ ಅಗೆದಾಗ, ಕೆಳಗಿನ ಪದರದಲ್ಲಿ ದಪ್ಪ ಸಿಪ್ಪೆಗಟ್ಟಿದ ಕಲ್ಲಿನ ಚಕ್ಕೆಗಳು ಸಿಕ್ಕವು. ಅದರ ಮೇಲೆ ಏನೂ ಇಲ್ಲದ ಮಣ್ಣಿನ ಪದರ. ಅದರ ಮೇಲೆ ನವಶಿಲಾಯುಗದ ವಸ್ತುಗಳು. ಸಿಪ್ಪೆಗಟ್ಟಿದ ಚಕ್ಕೆಗಳು ಬಹಳ ಹಿಂದಿನ ಬೇರೆ ಜನರವು ಎಂದು ಅವರು ತಿಳಿದರು. 1948ರಲ್ಲಿ ಬಂದ ಅವರ ‘ಸ್ಟೋನ್ ಏಜ್ ಕಲ್ಚರ್ಸ್ ಆಫ್ ಬಳ್ಳಾರಿ’ ಪುಸ್ತಕ ನಮ್ಮ ಊರಿನ ಹೆಸರನ್ನು ದೇಶದ ಪುರಾತತ್ತ್ವದಲ್ಲಿ ನಿಲ್ಲಿಸಿತು.

ಕಪ್ಪಗಲ್ಲಿನ ಡೈಕಿನ ಮೇಲಿರುವ ಚಿತ್ರಗಳದ್ದೂ ಇದೇ ಕಥೆ. ಡುಬ್ಬದ ಎತ್ತುಗಳು, ಮನುಷ್ಯರು, ಹಿಂಡುಹಿಂಡು ದನಗಳು. ಇವನ್ನು ಬಣ್ಣ ಹಚ್ಚಿ ಬಿಡಿಸಿದ್ದಲ್ಲ, ಕಲ್ಲಿನಿಂದ ಕುಟ್ಟಿ ಕಂದು ಸಿಪ್ಪೆಯನ್ನು ಕಿತ್ತು ಒಳಗಿನ ತಿಳಿಬಣ್ಣ ತೋರುವಂತೆ ಮಾಡಿದ್ದು. ಕಿತ್ತ ಕಡೆ ಮತ್ತೆ ನಿಧಾನಕ್ಕೆ ಸಿಪ್ಪೆ ಬೆಳೆಯುತ್ತದೆ. ಆದ್ದರಿಂದ ತೀರ ಹಳೆಯ ಚಿತ್ರ ಕಲ್ಲಿನ ಬಣ್ಣದಲ್ಲೇ ಮುಳುಗಿಹೋಗಿರುತ್ತದೆ, ನಿನ್ನೆ ಮೊನ್ನೆ ಯಾರೋ ಕೆತ್ತಿದ ಹೆಸರು ಬೆಳ್ಳಗೆ ಹೊಳೆಯುತ್ತದೆ. ಪೊಲೀಸ್ ಅಧಿಕಾರಿ ಫಾಸೆಟ್ 1892ರಲ್ಲಿ ಈ ಚಿತ್ರಗಳ ಬಗ್ಗೆ ಬರೆದ. ಆಮೇಲೆ ಜಗತ್ತು ಅವನ್ನು ಹೆಚ್ಚುಕಮ್ಮಿ ಮರೆತಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಅವರ ವಿದೇಶಿ ಸಂಗಡಿಗರು ಮತ್ತೆ ಕೆಲಸ ಶುರುಮಾಡಿದರು. ಅವರಲ್ಲೊಬ್ಬರಾದ ನಿಕೋಲ್ ಬೋಯ್ವಿನ್ 2004ರಲ್ಲಿ, ಇಲ್ಲಿಯ ಕೆಲವು ಬಂಡೆಗಳನ್ನು ಗುಂಡುಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಾದ ಬರುತ್ತದೆ, ಹಳೆಯ ಜನ ಬಡಿದು ಬಡಿದು ಅಲ್ಲಿ ಗುಳಿ ಬಿದ್ದಿದೆ ಎಂದು ಬರೆದರು. ಆ ನಾದವನ್ನು ನಾನೂ ಕೇಳಿದ್ದೇನೆ. ಒಳಗೆ ಕೊಳೆತ ಕಲ್ಲು ಹಾಗೆ ಮೊಳಗುವುದಿಲ್ಲ, ಸಪ್ಪಳ ದೊಬ್ ಎಂದು ಸಾಯುತ್ತದೆ. ಕಲ್ಲು ಕುಟಿಗರು ಇಂದಿಗೂ ಹೀಗೆ ಬಡಿದು ಕೇಳಿಯೇ ಕಲ್ಲಿನ ಯೋಗ್ಯತೆ ತಿಳಿಯುತ್ತಾರೆ.

ಸಿಪ್ಪೆ ಬೆಳೆಯುವ ವೇಗ ತಿಳಿಯಲು ತಾರೀಖು ಗೊತ್ತಿರುವ ಕಲ್ಲು ಬೇಕು. ಸ್ಕಾಟ್ಲೆಂಡಿನ ಆರ್ಚಿಬಾಲ್ಡ್ ಗೀಕಿ 1880ರಲ್ಲಿ ಎಡಿನ್‌ಬರೋದ ಸ್ಮಶಾನಗಳಿಗೆ ಹೋಗಿ, ಸಮಾಧಿಕಲ್ಲಿನ ಮೇಲಿನ ಇಸವಿ ನೋಡಿ, ಅಕ್ಷರ ಎಷ್ಟು ಸವೆದಿದೆ ಎಂದು ಅಳೆದ. ನಮಗೆ ಸಮಾಧಿಕಲ್ಲು ಬೇಡ, ಶಾಸನಗಳಿವೆ. ಕುರುಗೋಡಿನಲ್ಲಿ 12ನೇ ಶತಮಾನದ ಸಿಂದ ಅರಸರ ಕಾಲದ ಶಾಸನಗಳಿವೆ. ಶಕವರ್ಷ, ಸಂವತ್ಸರ, ತಿಥಿ ಹೇಳಿ ಕೆತ್ತುವುದು ನಮ್ಮ ಶಾಸನಗಳ ರೂಢಿ. ಸುಮಾರು ಎಂಟುನೂರೈವತ್ತು ವರ್ಷದ ಮಳೆ ಬಿಸಿಲಿನ ಲೆಕ್ಕ ಆ ಅಕ್ಷರದ ಅಂಚಿನಲ್ಲಿದೆ. ನೆರಳಿನಲ್ಲಿದ್ದ ಅಕ್ಷರಕ್ಕೂ ಬಯಲಿನಲ್ಲಿದ್ದ ಅಕ್ಷರಕ್ಕೂ ವ್ಯತ್ಯಾಸ ಎಷ್ಟು ಎಂದು ನಮ್ಮ ಹೈಸ್ಕೂಲ್ ಮಕ್ಕಳು ಒಂದು ಲೆನ್ಸ್ ಹಿಡಿದು ನೋಡಬಹುದು. ಪಿಎಚ್.ಡಿ. ಮಾಡುವವರೇ ಬರಬೇಕೆಂದಿಲ್ಲ.

ಈಗ ಮಂಗಳಕ್ಕೆ ಹೋಗೋಣ. ಭೂಮಿಯ ಖಂಡಗಳಲ್ಲಿ ಗ್ರಾನೈಟ್ ಜಾತಿಯ ಕಲ್ಲು ಹೆಚ್ಚು; ಮಂಗಳದ ಮೇಲ್ಮೈ ಬಹುಪಾಲು ಬಸಾಲ್ಟ್. ಅಂದರೆ ಅಲ್ಲಿಯ ನೆಲ ನಮ್ಮ ಗ್ರಾನೈಟ್ ಗುಡ್ಡಕ್ಕಿಂತ ಕರಿಕಲ್ಲಿನ ಡೈಕಿಗೆ ಹತ್ತಿರದ ನೆಂಟ. 1976ರಲ್ಲಿ ಅಮೆರಿಕದ ವೈಕಿಂಗ್ ನೌಕೆಗಳು ಇಳಿದು ಮಣ್ಣಿನ ಪರೀಕ್ಷೆ ಮಾಡಿದಾಗ ಕಬ್ಬಿಣ ಧಾರಾಳ, ಗಂಧಕ ಮತ್ತು ಕ್ಲೋರಿನ್ ಹೆಚ್ಚು ಎಂದು ಕಂಡಿತು. ಶಿಥಿಲಗೊಂಡ ಬಸಾಲ್ಟಿಗೆ, ಕಬ್ಬಿಣ ತುಂಬಿದ ಸ್ಮೆಕ್ಟೈಟ್ ಜೇಡಿಗೆ ಇದು ಹೊಂದುತ್ತದೆ ಎಂದು ಕೆಲವು ವಿಜ್ಞಾನಿಗಳು ಹೇಳಿದರು. ಮಂಗಳದ ಕೆಂಪು ಎಂದರೆ ತುಕ್ಕಿನ ಕೆಂಪು, ನಮ್ಮ ಮಸಾರಿಯ ಕೆಂಪಿನ ಬಳಗ. ಅಲ್ಲಿಂದ ಮಣ್ಣು ತರಲು ಆಗದ್ದರಿಂದ ವಿಜ್ಞಾನಿಗಳು ಭೂಮಿಯ ಜ್ವಾಲಾಮುಖಿ ಸೀಮೆಗಳಿಗೆ ಹೋದರು. ಹವಾಯಿ ದ್ವೀಪದ ಜ್ವಾಲಾಮುಖಿ ಬೂದಿ ಶಿಥಿಲಗೊಂಡಾಗ ಮಂಗಳದ ಬಣ್ಣವನ್ನೇ ಹೋಲುತ್ತದೆಂದು, 1990ರ ದಶಕದ ಕೊನೆಯಲ್ಲಿ ಅಲ್ಲಿಯ ಮಣ್ಣನ್ನೇ ‘ನಕಲಿ ಮಂಗಳ ಮಣ್ಣು’ ಮಾಡಿ ಪ್ರಯೋಗಾಲಯಗಳಿಗೆ ಹಂಚಿದರು. ಭಾರತದಲ್ಲಿಯೂ ದಖ್ಖನ್ ಬಸಾಲ್ಟಿನಲ್ಲಿ ಉಲ್ಕೆ ಬಿದ್ದು ಆದ ಮಹಾರಾಷ್ಟ್ರದ ಲೋಣಾರ್ ಸರೋವರ, ಗುಜರಾತಿನ ಕಚ್ಛದ ಮಾತಾನೊಮಢ, ಇವೆರಡನ್ನೂ ಮಂಗಳಕ್ಕೆ ಹೋಲಿಸಿ ಅಧ್ಯಯನ ಮಾಡಿದ್ದಾರೆ. ಕಚ್ಛದಲ್ಲಿ ಸಿಕ್ಕ ಜಾರೊಸೈಟ್ ಎಂಬ ಹಳದಿ ಖನಿಜ 2004ರಲ್ಲಿ ಮಂಗಳದಲ್ಲಿಯೂ ಸಿಕ್ಕಿತ್ತು. ನಮ್ಮ ನೆರೆಯ ಸೀಮೆಗಳೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಚಂದ್ರಯಾನಕ್ಕಾಗಿ ಇಸ್ರೋ ತಮಿಳುನಾಡಿನ ಸೇಲಂ ಕಡೆಯ ಸಿತ್ತಂಪೂಂಡಿಯ ಕಲ್ಲನ್ನು ಪುಡಿಮಾಡಿ ಚಂದ್ರನ ಮಣ್ಣು ತಯಾರಿಸಿತು. ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿ ಪರೀಕ್ಷೆ ಮಾಡಿತು.

2004ರ ಜನವರಿಯಲ್ಲಿ ಸ್ಪಿರಿಟ್ ಎಂಬ ಗಾಲಿಯಂತ್ರ ಮಂಗಳದ ಗುಸೆವ್ ಕುಳಿಯಲ್ಲಿ ಇಳಿಯಿತು. ಅದರ ಕೈಯಲ್ಲಿ ಕಲ್ಲು ಉಜ್ಜುವ ಯಂತ್ರವಿತ್ತು. ‘ಅಡಿರಾಂಡಾಕ್’ ಎಂದು ಹೆಸರಿಟ್ಟ ಕಲ್ಲಿನ ಮೇಲೆ ಅದನ್ನು ಇಟ್ಟು ಸಿಪ್ಪೆ ಉಜ್ಜಿ ತೆಗೆದು ಒಳಗೆ ನೋಡಿದರು. ಸಂಗನಕಲ್ಲಿನ ಚಕ್ಕೆ ಒಡೆದು ಸಿಪ್ಪೆ ನೋಡಿದ ಸುಬ್ಬರಾವ್ ಅವರ ಕೆಲಸವನ್ನೇ ಆ ಯಂತ್ರವೂ ಮಾಡಿತು. ಒಳಗೆ ಸಿಕ್ಕಿದ್ದು ಆಲಿವಿನ್ ಎಂಬ ಹಸಿರು ಖನಿಜವಿದ್ದ ಹೊಸ ಬಸಾಲ್ಟ್. ಇದರ ಅರ್ಥ ಮಕ್ಕಳಿಗೆ ಹೀಗೆ ಹೇಳುತ್ತೇನೆ. ಸ್ಯಾಮುಯೆಲ್ ಗೋಲ್ಡಿಚ್ 1938ರಲ್ಲಿ ಖನಿಜಗಳು ಕೆಡುವ ಕ್ರಮ ತೋರಿಸಿದ: ಬಹಳ ಬಿಸಿಯಲ್ಲಿ ಹುಟ್ಟಿದ್ದು ಮೊದಲು ಕೆಡುತ್ತದೆ, ತಣ್ಣಗಾದ ಮೇಲೆ ಹುಟ್ಟಿದ್ದು ಕೊನೆಗೆ. ಆಲಿವಿನ್ ಮೊದಲ ಸಾಲಿನಲ್ಲಿದೆ, ಹೊಲದಲ್ಲಿ ಸಿಗುವ ಬೆಣಚುಕಲ್ಲು ಕೊನೆಯ ಸಾಲಿನಲ್ಲಿ. ನೀರು ತಗುಲಿದರೆ ಆಲಿವಿನ್ ಬೇಗ ಕರಗಿಹೋಗುತ್ತದೆ. ಅದು ನೂರಾರು ಕೋಟಿ ವರ್ಷ ಹಾಗೆಯೇ ಉಳಿದಿದೆ ಎಂದರೆ ಆ ಜಾಗಕ್ಕೆ ನೀರು ಬಂದದ್ದು ಬಹಳ ಕಡಿಮೆ. ಚಂದ್ರನ ಮಾತೇ ಬೇರೆ. ಅಲ್ಲಿ ನೀರೂ ಇಲ್ಲ ಗಾಳಿಯೂ ಇಲ್ಲ. ಕಲ್ಲು ಸವೆಯುವುದು ಸಣ್ಣ ಉಲ್ಕೆಗಳ ಏಟು ಮತ್ತು ಸೂರ್ಯನಿಂದ ಬರುವ ಕಣಗಳಿಂದ.

ಆದರೆ ಮಂಗಳದ ಎಲ್ಲ ಕಡೆ ಹೀಗಿಲ್ಲ. ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆ 2005ರ ಹೊತ್ತಿಗೆ ಮಂಗಳದ ಬಹಳ ಹಳೆಯ ನೆಲದಲ್ಲಿ ಜೇಡಿ ಖನಿಜಗಳನ್ನು ಗುರುತಿಸಿತು. 2013ರಲ್ಲಿ ಕ್ಯೂರಿಯಾಸಿಟಿ ಗಾಲಿಯಂತ್ರ ಗೇಲ್ ಕುಳಿಯ ಕೆಸರುಕಲ್ಲಿಗೆ ತೂತು ಕೊರೆದು ಪುಡಿ ತೆಗೆದಾಗ ಅದರಲ್ಲಿ ಸುಮಾರು ಶೇ 20ರಷ್ಟು ಸ್ಮೆಕ್ಟೈಟ್ ಇತ್ತು. ನಮ್ಮ ಎರೆಯಲ್ಲಿರುವ ಜಾತಿಯದೇ ಜೇಡಿ! ಹಿಂದೊಮ್ಮೆ ಅಲ್ಲಿ ಹುಳಿಯೂ ಅಲ್ಲದ, ತೀರ ಉಪ್ಪೂ ಅಲ್ಲದ ನೀರಿನ ಕೆರೆ ಇತ್ತು ಎಂದು ತೀರ್ಮಾನಿಸಿದರು. ಈ ಸುದ್ದಿ ಓದಿದ ದಿನ ನನಗೆ ನ್ಯೂಬೋಲ್ಡ್ ನೆನಪಾದ. ಜೇಡಿ ಕಂಡ ಮಾತ್ರಕ್ಕೆ ತಾಯಿಕಲ್ಲು ಯಾವುದೆಂದು ಹೇಳಲಾಗದು ಎಂಬುದಕ್ಕೆ ಸಿರುಗುಪ್ಪದ ಹೊಲವೇ ಸಾಕ್ಷಿ. ವಿಜಯಪುರದ ಎರೆಗೆ ಲಾವಾ ತಾಯಿ, ನಮ್ಮ ಎರೆಗೆ ನೈಸ್ ಮತ್ತು ಶಿಸ್ಟ್ ತಾಯಿ. ಉಬ್ಬುವ, ಬಿರಿಯುವ ಗುಣ ಎರಡರಲ್ಲೂ ಒಂದೇ. ಜೇಡಿ ಖಚಿತವಾಗಿ ಹೇಳುವುದು ಕಲ್ಲಿನ ಹತ್ತಿರ ನೀರು ಸಾಕಷ್ಟು ಕಾಲ ಇತ್ತು, ಎಲ್ಲವನ್ನೂ ತೊಳೆದುಕೊಂಡು ಹೋಗುವಷ್ಟು ಹರಿಯಲಿಲ್ಲ ಎಂದಷ್ಟೆ. ಆದ್ದರಿಂದಲೇ ಮಂಗಳದ ವಿಜ್ಞಾನಿಗಳು ಜೇಡಿಯ ಜೊತೆಗೆ ಇರುವ ಉಳಿದ ಖನಿಜಗಳನ್ನೂ ನೋಡಿ ಮಾತಾಡುತ್ತಾರೆ.

ತೊಳೆದುಹೋಗದೆ ಉಳಿದದ್ದರಲ್ಲಿ ಉಪ್ಪೂ ಒಂದು. ಇದು ಸಿರುಗುಪ್ಪದವರಿಗೆ ಆಕಾಶದ ಮಾತಲ್ಲ, ಅನ್ನದ ಮಾತು. ಕಲ್ಲು ಶಿಥಿಲವಾದಾಗ ಬಿಡುಗಡೆಯಾಗುವ ಸೋಡಿಯಂ ಮತ್ತು ಸುಣ್ಣ, ಮಳೆ ಕಡಿಮೆಯಿದ್ದರೆ ಸಮುದ್ರ ಸೇರುವುದಿಲ್ಲ. ಮಣ್ಣಿನ ಕೆಳಪದರದಲ್ಲೇ ಕೂರುತ್ತದೆ. ಎರೆ ಹೊಲದಲ್ಲಿ ಬಾವಿ ತೋಡಿದವರಿಗೆ ಕೆಳಗೆ ಸಿಗುವ ಸುಣ್ಣಕಲ್ಲಿನ ಹರಳುಗಳು ಗೊತ್ತು. ಇಂಥ ಮಣ್ಣಿಗೆ ನೀರು ಬಿಟ್ಟರೆ ಏನಾಗುತ್ತದೆ ಎಂಬ ಅಂಜಿಕೆ ಅಣೆಕಟ್ಟಿಗಿಂತ ಹಳೆಯದು. ಅದನ್ನೇ ಪರೀಕ್ಷಿಸಲು ಮದ್ರಾಸ್ ಸರ್ಕಾರ 1937ರಲ್ಲಿ ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆಯಿತು. ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿದದ್ದು 1953ರಲ್ಲಿ. ಮರುವರ್ಷ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರ ಬಂತು. ಎಲ್‌ಎಲ್‌ಸಿ ಕಾಲುವೆ ಬಂದು ಭತ್ತ ಬೆಳೆಯಿತು, ಊರು ಬೆಳೆದವು, ಅಕ್ಕಿ ಗಿರಣಿಗಳು ಎದ್ದವು. ನಮ್ಮ ಶಾಲೆಯ ಎಷ್ಟೋ ಮಕ್ಕಳು ಕಾಲೇಜು ಕಂಡದ್ದು ಆ ಭತ್ತದ ದುಡ್ಡಿನಿಂದ. ಅದರ ಜೊತೆಗೇ ತಗ್ಗಿನ ಹೊಲಗಳಲ್ಲಿ ನೀರು ನಿಂತು, ಕೆಳಗಿನ ಉಪ್ಪು ನೀರಿನ ಸಂಗಡ ಮೇಲೇರಿ, ಬೇಸಿಗೆಯಲ್ಲಿ ನೀರು ಆರಿದಾಗ ಬೆಳ್ಳಗೆ ಹಪ್ಪಳದಂತೆ ಮೇಲೆ ಉಳಿಯಿತು. ಸವುಳು, ಜವುಳು ಎಂದು ಗೋಳಾಡುವುದು ಇದಕ್ಕೇ. ಬಸಿಗಾಲುವೆ ತೋಡದೆ, ಜಿಪ್ಸಮ್ ಹಾಕದೆ, ಬರೀ ನೀರು ಹೆಚ್ಚಿಸಿದರೆ ಇದು ಹೋಗುವುದಿಲ್ಲ.

ಮಂಗಳದಲ್ಲಿ ವೈಕಿಂಗ್ ಕಂಡ ಗಂಧಕ ಮತ್ತು ಕ್ಲೋರಿನ್ ಇದೇ ಜಾತಿಯ ಉಪ್ಪುಗಳು. ಅಲ್ಲಿ ನೆಲದ ಮೇಲೆ ಹೆಪ್ಪುಗಟ್ಟಿದ ಹೆಕ್ಕಳೆಯನ್ನೂ ನೋಡಿದ್ದಾರೆ. 2008ರಲ್ಲಿ ಫೀನಿಕ್ಸ್ ನೌಕೆ ಪರ್ಕ್ಲೋರೇಟ್ ಎಂಬ ಉಪ್ಪನ್ನೂ ಪತ್ತೆ ಮಾಡಿತು. ಕೆರೆ ಆರಿತು, ಉಪ್ಪು ಉಳಿಯಿತು, ಆಮೇಲೆ ತೊಳೆಯುವ ಮಳೆ ಬರಲಿಲ್ಲ. ಸಿರುಗುಪ್ಪದ ಜವುಳು ಹೊಲ ಕಂಡ ರೈತನಿಗೆ ಆ ಗ್ರಹದ ಹಣೆಬರಹ ಅರ್ಥವಾಗಲು ದೂರದರ್ಶಕ ಬೇಕಿಲ್ಲ.

ಒಂದು ಮಾತನ್ನು ಬರೆಯದಿದ್ದರೆ ಈ ಲೇಖನ ಪೂರ್ತಿಯಾಗದು. ಕರಿಕಲ್ಲಿಗೆ ಈಗ ಕೊಡಲಿಯ ಬೆಲೆಯಲ್ಲ, ಜಲ್ಲಿಯ ಬೆಲೆ, ನುಣುಪು ಮಾಡಿದರೆ ‘ಬ್ಲ್ಯಾಕ್ ಗ್ರಾನೈಟ್’ ಎಂದು ದೇಶಾಂತರದ ಬೆಲೆ. ಕಪ್ಪಗಲ್ಲಿನ ಗುಡ್ಡದ ಚಿತ್ರಗಳಿಗೆ ಕಲ್ಲುಗಣಿಯ ಭಯವಿದೆ ಎಂದು ಸಂಶೋಧಕರು 2004ರಲ್ಲೇ ಎಚ್ಚರಿಸಿದ್ದರು. ಕಲ್ಲು ಒಡೆಯುವ ಕೂಲಿಯವರ ಮೇಲೆ ನನ್ನ ಸಿಟ್ಟಿಲ್ಲ. ಅವರ ಮಕ್ಕಳೂ ನಮ್ಮ ಶಾಲೆಗೆ ಬಂದಿದ್ದಾರೆ. ಆದರೆ ಚಿತ್ರವಿದ್ದ ಬಂಡೆ ಹೋದರೆ ಎತ್ತಿನ ಚಿತ್ರವೊಂದೇ ಹೋಗುವುದಿಲ್ಲ, ಮೂರೂವರೆ ಸಾವಿರ ವರ್ಷ ಬೆಳೆದ ಸಿಪ್ಪೆಯೂ ಹೋಗುತ್ತದೆ. ಕುಟ್ಟಿದ ದಿನದಿಂದ ಎಷ್ಟು ಬೆಳೆಯಿತು ಎಂದು ಲೆಕ್ಕ ಹಾಕಬಹುದಾದ ಇಂಥ ಕಲ್ಲಿಗಾಗಿ ಬೇರೆ ದೇಶದವರು ಹುಡುಕಾಡುತ್ತಾರೆ. ಬೂದಿದಿಬ್ಬಗಳನ್ನು ಗೊಬ್ಬರಕ್ಕೆಂದು ಹೊತ್ತು ಮುಗಿಸಿದ ಊರುಗಳೂ ಇವೆ. ಬಳ್ಳಾರಿ ನಗರದಲ್ಲಿ ಈಗ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ತ್ವ ಸಂಗ್ರಹಾಲಯವಿದೆ. ಕೊಡಲಿ ಹೇಗೆ ಮಾಡಿದರು ಎಂದು ಅಲ್ಲಿ ಹಂತಹಂತವಾಗಿ ನೋಡಬಹುದು. ಊರಿನವರೇ ಹೆಚ್ಚು ಜನ ನೋಡಿಲ್ಲ ಎಂಬುದು ನನ್ನ ಅನುಭವ.

ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಕರಿಕಲ್ಲಿನ ಒಂದು ತುಂಡಿದೆ. ಹೊಲದ ಬದುವಿನಲ್ಲಿ ಅರ್ಧ ಹೂತು ಬಿದ್ದಿದ್ದನ್ನು ಒಂಬತ್ತನೇ ತರಗತಿಯ ಹುಡುಗಿಯರು ತಂದರು. ಅದನ್ನು ಕಲ್ಲು ಕೊಯ್ಯುವವರಲ್ಲಿ ನಡುವೆ ಕೊಯ್ಸಿ, ಸಿಪ್ಪೆಯ ದಪ್ಪವನ್ನು ಸ್ಕೇಲಿನಲ್ಲಿ ಅಳೆದು, ಚೀಟಿ ಬರೆದು ಅಂಟಿಸಿದ್ದಾರೆ. ಬಿಸಿಲಿಗೆ ತೆರೆದಿದ್ದ ಬದಿಯಲ್ಲಿ 2 ಮಿಲಿಮೀಟರ್, ಮಣ್ಣಿನೊಳಗಿದ್ದ ಬದಿಯಲ್ಲಿ 4. ಕೆಳಗೆ ಸಿಪ್ಪೆ ಯಾಕೆ ದಪ್ಪ ಎಂದು ಕೇಳಿದಾಗ ಒಬ್ಬಳು ಹೇಳಿದಳು: “ಮೇಲೆ ಬಿದ್ದ ಮಳೆ ಆರಿಹೋಗತೈತಿ ಸಾರ್, ಕೆಳಗ ತೇವ ನಿಂತಿರತೈತಿ.”